ದೇವಿ ಮುಡಿದ ಕ್ಯಾಮೆಲಿಯಾ

ಹಲಸೂರು

ನಮ್ಮ ಬೀದಿಯಲ್ಲಿ ಬೆಳಗಿನ ಹೊತ್ತು ವಾಕಿಂಗ್ ಹೋಗುವವರು ಎರಡು ಬಗೆ. ಕೈ ಬೀಸಿಕೊಂಡು ಕೆರೆಯ ಕಡೆ ಹೋಗುವವರು ಒಂದು ಬಗೆ. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ದೋಟಿ ಹಿಡಿದು, ಕಂಡವರ ಕಾಂಪೌಂಡಿನಿಂದ ರಸ್ತೆಗೆ ಬಾಗಿದ ಕೊಂಬೆಗಳನ್ನೇ ನೋಡುತ್ತ ಹೋಗುವವರು ಇನ್ನೊಂದು ಬಗೆ. ನಾನು ಮೊದಲನೆಯ ಗುಂಪು. ನನ್ನ ಅತ್ತಿಗೆ ಪಿಳ್ಳಮ್ಮ ಎರಡನೆಯದು.

ಅವರನ್ನು ಕಳ್ಳಿ ಅನ್ನುವಂತಿಲ್ಲ. ನಮ್ಮ ಅಣ್ಣನ ಕೈ ಹಿಡಿದು ಗರುಡಾಚಾರ್‌ಪಾಳ್ಯಕ್ಕೆ ಬಂದಾಗ ಮನೆಯ ಹಿಂದೆ ಕಣ್ಣು ಹಾಯುವವರೆಗೂ ನಮ್ಮದೇ ಕನಕಾಂಬರ, ಸೇವಂತಿಗೆ. ಕತ್ತಲೆ ಇರುವಾಗಲೇ ಹೂ ಬಿಡಿಸಿ, ಮಂಕರಿ ತುಂಬಿ, ಮಾರುಕಟ್ಟೆಗೆ ಕಳಿಸಿದ ಮೇಲೆಯೇ ಮನೆಯಲ್ಲಿ ಒಲೆ ಹಚ್ಚುತ್ತಿದ್ದದ್ದು. ಆ ಹೊಲದಲ್ಲಿ ಈಗ ಒಂದು ಫ್ಯಾಕ್ಟರಿಯ ಲಾರಿಗಳು ನಿಲ್ಲುತ್ತವೆ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಹೂ ಬರುವುದಿಲ್ಲ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಹಲಸೂರಿನ ನನ್ನ ಮನೆಗೆ ಬಂದರು. ನನ್ನದು ಸಿಮೆಂಟಿನ ಅಂಗಳ, ಒಂದು ತುಳಸಿ ಕುಂಡ. ಗಂಗಮ್ಮನ ಪಟಕ್ಕೆ ಒಂದು ದಿನವೂ ಹೊಸ ಹೂ ತಪ್ಪಿಸದ ಹೆಂಗಸು ದೋಟಿ ಹಿಡಿಯದೆ ಇನ್ನೇನು ಮಾಡಿಯಾರು?

ಅವರ ಮುಖ್ಯ ಗಿರಾಕಿ ಪಕ್ಕದ ರಸ್ತೆಯ ಸಾಹೇಬರು. ಶಿವಾಜಿನಗರದಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಮನೆಯ ಮುಂದೆ ನಂದಿಬಟ್ಟಲು, ಕೆಂಪು ದಾಸವಾಳ. ಬೆಳಗಿನ ನಮಾಜು ಮುಗಿಸಿ ಅವರು ಗೇಟಿಗೆ ಬರುವುದೂ, ಅತ್ತಿಗೆಯ ದೋಟಿ ಮೇಲೇಳುವುದೂ ಒಂದೇ ಹೊತ್ತು.

"ಕ್ಯಾ ಅಮ್ಮಾ, ಇವತ್ತೂ ಬಂದ್ರಾ? ನಿಮ್ ದೇವ್ರಿಗೆ ಭಾನುವಾರ ಆದ್ರೂ ರಜಾ ಕೊಡ್ರೀ!"

"ನಿಮ್ ಗಿಡಕ್ಕೆ ರಜಾ ಇದ್ಯಾ ಸಾಹೇಬ್ರೇ? ಅದು ಬಿಟ್ಟೈತೆ, ನಾನು ಬಂದೀನಿ."

ಬೈಗುಳ ವರ್ಷಗಟ್ಟಲೆ ನಡೆಯಿತು. ಒಂದು ದಿನ ದೋಟಿಯ ಎಳೆತಕ್ಕೆ ದಾಸವಾಳದ ಕೊಂಬೆ ಮುರಿಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಕಾಂಪೌಂಡಿನ ಹೊರಗೆ, ಗಿಡದ ಕೆಳಗೇ, ಹತ್ತಿ ನಿಲ್ಲುವುದಕ್ಕೆ ಸರಿಯಾದ ಒಂದು ಸೈಜುಗಲ್ಲು ಇತ್ತು. ಯಾರು ಇಟ್ಟರೆಂದು ಅತ್ತಿಗೆ ಕೇಳಲಿಲ್ಲ, ಸಾಹೇಬರು ಹೇಳಲಿಲ್ಲ. ಬೈಗುಳ ನಿಲ್ಲಲೂ ಇಲ್ಲ.

ಪ್ರವಾಸ ಕಥನವನ್ನು ಕಲ್ಲಿನಿಂದ ಆರಂಭಿಸಲು ಕಾರಣವಿದೆ. ಇಂಗ್ಲೆಂಡಿನಲ್ಲಿ ನಡೆದದ್ದನ್ನು ಇದು ತಿಳಿಯದವರಿಗೆ ಹೇಳಿದರೆ ಅತ್ತಿಗೆಯ ಬಗ್ಗೆ ತಪ್ಪು ತಿಳಿಯುತ್ತಾರೆ.

ವಿಮಾನ ನಿಲ್ದಾಣ

ಅತ್ತಿಗೆಯ ಮಗಳು ಶೋಭಾ ಇಂಗ್ಲೆಂಡಿನ ಪಶ್ಚಿಮದ ತುದಿ ಕಾರ್ನ್‌ವಾಲ್‌ನಲ್ಲಿ, ಸಮುದ್ರದ ಹತ್ತಿರದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ಆಗ ಅಲ್ಲಿಗೆ ನಮ್ಮ ಕಡೆಯ ನರ್ಸುಗಳಿಗೆ ಬಹಳ ಬೇಡಿಕೆ ಇತ್ತು. ನಾನು ಕಂಟೋನ್ಮೆಂಟಿನ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಅವಳಿಗೆ ಹಾಸಿಗೆಯ ಮೂಲೆ ಮಡಿಸುವುದನ್ನು ಕಲಿಸಿದವಳೂ ನಾನೇ. ವಸಂತ ಕಾಲಕ್ಕೆ ಬನ್ನಿ ಎಂದು ಕರೆದಳು, ಹೊರಟೆವು. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿದ್ದ ವಿಮಾನ ನಿಲ್ದಾಣದ ಕಾಲ ಅದು. ಮನೆಯಿಂದ ಆಟೋದಲ್ಲೇ ಹೋಗಬಹುದಿತ್ತು. ಹಾಗೆಯೇ ಹೋದೆವು.

ಲಂಡನ್ನಿನಲ್ಲಿ ಇಳಿದಾಗ ಸುಂಕದ ಅಧಿಕಾರಿ ಕೇಳಿದ: ಗಿಡ, ಬೀಜ, ಹೂ, ಹಣ್ಣು ಏನಾದರೂ ತಂದಿದ್ದೀರಾ? ನಾನು ಅತ್ತಿಗೆಯನ್ನು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. ತಲೆಯಾಡಿಸಿದಾಗ ತುರುಬಿನಲ್ಲಿದ್ದ ಮೊಳ ಕನಕಾಂಬರವೂ ಆಡಿತು. ಅಧಿಕಾರಿ ಅದನ್ನು ನೋಡಿದ, ನನ್ನನ್ನು ನೋಡಿದ, ಹೋಗಿ ಎಂದು ಕೈ ತೋರಿಸಿದ.

"ಅತ್ತಿಗೆ, ಹೂ ಇದೆಯಾ ಅಂತ ಕೇಳಿದ್ದು ಅವನು."

"ತಲೇಲಿರೋದು ಹೂವೇನೇ? ಮುಡ್ಕೊಂಡ್ಮೇಲೆ ಅದು ನಾನೇ."

ಶೋಭಾಳ ಮನೆ

ಶೋಭಾಳ ಊರಿನಲ್ಲಿ ಜನ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ಅವರ ಕಾಲನ್ನು ನಾವು ತುಳಿದರೆ ಅವರೇ ಕೇಳುತ್ತಾರೆ. ಒಬ್ಬ ಮುದುಕರು ದಾರಿಗೆ ಅಡ್ಡ ಬಂದ ನಾಯಿಯ ಹತ್ತಿರವೂ ಕೇಳಿದರು. ಮಳೆ ಬರುತ್ತದೆ, ನಿಲ್ಲುತ್ತದೆ, ಬಿಸಿಲು ಬರುತ್ತದೆ, ಮತ್ತೆ ಮಳೆ. ನಮ್ಮಲ್ಲಿ ಮಳೆ ಬಂದರೆ ಬಾಗಿಲು ಹಾಕುತ್ತೇವೆ. ಅವರು ಕೋಟು ಹಾಕಿಕೊಂಡು ಹೊರಗೆ ಹೊರಡುತ್ತಾರೆ. ಬಟ್ಟೆ ಒಣಗಿಸುವ ವಿಷಯದಲ್ಲಿ ಅತ್ತಿಗೆ ಮೊದಲ ದಿನವೇ ಆ ದೇಶದ ಆಸೆ ಬಿಟ್ಟರು.

ಹೂವಿನ ವಿಷಯದಲ್ಲಿ ಮಾತ್ರ ಬಿಡಲಿಲ್ಲ. ಗಂಗಮ್ಮನ ಪಟ ಅವರ ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಬಂದಿತ್ತು. ಶೋಭಾ ಅಂಗಡಿಯಿಂದ ಹಳದಿ ಡ್ಯಾಫಡಿಲ್ ಹೂಗಳ ಕಟ್ಟು ತಂದುಕೊಟ್ಟಳು: ಪ್ಲಾಸ್ಟಿಕ್ ಸುತ್ತಿ, ದಂಟಿಗೆ ರಬ್ಬರ್ ಬ್ಯಾಂಡ್ ಹಾಕಿದ್ದು.

"ಇದೇನೇ ಶೋಭಿ, ಈರುಳ್ಳಿ ಹೂವಿದ್ದಂಗೈತೆ. ಫ್ರಿಜ್ಜಲ್ಲಿ ಇಟ್ಟಿದ್ದ ಹೂವಾ ತಾಯಿಗೆ ಇಡೋದು?"

"ಇಲ್ಲಿ ಇಷ್ಟೇ ಸಿಗೋದಮ್ಮಾ. ಅಕ್ಕಪಕ್ಕದ ಮನೇಲಿ ಕಿತ್ರೆ ಪೊಲೀಸ್‌ಗೆ ಫೋನ್ ಮಾಡ್ತಾರೆ."

"ಬೈಯಲ್ವಾ?"

"ಬೈಯಲ್ಲ. ಫೋನ್ ಮಾಡ್ತಾರೆ."

ಬೈಯದೆ ಇರುವ ಜನರ ಬಗ್ಗೆ ಅತ್ತಿಗೆಗೆ ಅಂದಿನಿಂದ ಒಂದು ಅನುಮಾನ ಹುಟ್ಟಿತು.

ತೋಟದ ಗೇಟು

ಶೋಭಾಳ ಆಸ್ಪತ್ರೆಯಲ್ಲಿ ಹಿಂದೆ ವಾರ್ಡ್ ಸಿಸ್ಟರ್ ಆಗಿದ್ದ ಡೊರೊಥಿ ಎಂಬುವರು ನಮ್ಮನ್ನು ವಾರದ ಕೊನೆಗೆ ತಮ್ಮಲ್ಲಿಗೆ ಕರೆದಿದ್ದರು. ಅವರಿರುವುದು ಒಂದು ಹಳೆಯ ಜಮೀನ್ದಾರಿ ತೋಟದ ಗೇಟಿನ ಪಕ್ಕದ ಪುಟ್ಟ ಕಲ್ಲಿನ ಮನೆ. ತೋಟದ ಹೆಸರು ಬರೆಯುವುದಿಲ್ಲ. ನಡೆದದ್ದನ್ನು ಬರೆಯಲು ಒಪ್ಪಿಗೆ ಕೇಳಿದಾಗ ಡೊರೊಥಿಯವರು ಹಾಕಿದ ಷರತ್ತು ಅದೊಂದೇ.

ಶೋಭಾಳ ಕಾರು ನಿಂತಾಗ ಅವರು ಗಡಿಯಾರ ನೋಡಿಕೊಂಡು ಗೇಟಿನಲ್ಲೇ ನಿಂತಿದ್ದರು. ಹೇಳಿದ ಹೊತ್ತಿಗೆ ಬಂದಿದ್ದೆವು. ಅವರ ಮುಖ ಸಡಿಲವಾಯಿತು. ನಮಗೆ ಕೊಟ್ಟ ಕೋಣೆಯಲ್ಲಿ ಹಾಸಿಗೆಯ ಹೊದಿಕೆಯನ್ನು ಮೂಲೆಯಲ್ಲಿ ಮಡಿಸಿ ಸಿಕ್ಕಿಸಿದ ರೀತಿ ನೋಡಿ ನನ್ನದೂ ಸಡಿಲವಾಯಿತು. ನಾನು ಕಲಿತದ್ದು ಅದೇ ಮಡಿಕೆ. ಹೊಸ ಹುಡುಗಿಯರು ಯಾವ ದೇಶದಲ್ಲೂ ಅದನ್ನು ಸರಿಯಾಗಿ ಮಾಡುವುದಿಲ್ಲ ಎಂಬ ವಿಷಯದಲ್ಲಿ ನಾವಿಬ್ಬರೂ ಊಟಕ್ಕೆ ಮೊದಲೇ ಒಮ್ಮತಕ್ಕೆ ಬಂದೆವು. ಶೋಭಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ತೋಟದ ಕಥೆ ಇಷ್ಟು. ಒಡೆಯರಿಗೆ ಮಕ್ಕಳಿಲ್ಲ. ಯುದ್ಧದ ಕಾಲದಲ್ಲಿ ಅವರ ಬಂಗಲೆ ಗಾಯಗೊಂಡ ಸೈನಿಕರ ಆಸ್ಪತ್ರೆಯಾಯಿತು. ಯುದ್ಧ ಮುಗಿದ ಮೇಲೆ ಸೈನಿಕರು ಹೋದರು, ಮಾಲಿಗಳು ಹೋದರು, ಕೊನೆಗೆ ಚಾವಣಿಯೂ ಹೋಯಿತು. ಮುಳ್ಳುಬಳ್ಳಿ ಎಷ್ಟು ದಟ್ಟವಾಗಿ ಬೆಳೆಯಿತೆಂದರೆ ಒಳಗೆ ತೋಟ ಇತ್ತೆಂಬುದನ್ನೇ ಊರಿನ ಹೊಸಬರು ನಂಬುತ್ತಿರಲಿಲ್ಲವಂತೆ. ಆಮೇಲೆ ಊರವರೇ ಒಂದು ಟ್ರಸ್ಟು ಮಾಡಿಕೊಂಡು ಮುಳ್ಳು ಕಡಿದರು. ಕಡಿದ ಹಾಗೆ ಒಂದೊಂದೇ ದಾರಿ, ಮೆಟ್ಟಿಲು, ಕೊಳ, ಗೋಡೆ ಹೊರಗೆ ಬಂದವು. ಡೊರೊಥಿಯವರು ನಿವೃತ್ತಿಯಾದ ವಾರವೇ ಕತ್ತಿ ಹಿಡಿದು ಬಂದವರು, ಇನ್ನೂ ಬಿಟ್ಟಿಲ್ಲ.

ಗೋಡೆಯೊಳಗೆ

ಶುಕ್ರವಾರ ಮಧ್ಯಾಹ್ನ ಡೊರೊಥಿಯವರು ತೋಟ ತೋರಿಸಿದರು. ಆನೆ ಎತ್ತರದ ಇಟ್ಟಿಗೆ ಗೋಡೆ. ಅದಕ್ಕೆ ಪೇರ್ ಹಣ್ಣಿನ ಮರಗಳನ್ನು ತಂತಿ ಹಾಕಿ ಕಟ್ಟಿದ್ದಾರೆ. ಅವು ಡ್ರಿಲ್ ಕ್ಲಾಸಿನ ಹುಡುಗಿಯರಂತೆ ಎರಡೂ ಕಡೆ ಸಮವಾಗಿ ಕೈ ಚಾಚಿ ಸಾಲಾಗಿ ನಿಂತಿದ್ದವು. ಗೋಡೆಯ ಒಳಗೆ ಹಿಂದಿನವರು ಬೆಂಕಿಯ ಬಿಸಿ ಹರಿಯುವ ಹಾಗೆ ಕೊಳವೆ ಇಟ್ಟಿದ್ದರಂತೆ, ಮರಗಳಿಗೆ ಚಳಿಯಾಗಬಾರದೆಂದು. ನಮ್ಮ ಮೆಣಸಿನ ಸಸಿಗೆ ನಾವು ಬಿಸಿಲಿಗೆ ಮರೆ ಕಟ್ಟುತ್ತೇವೆ. ಗಿಡಗಳು ಎಲ್ಲಾ ಕಡೆ ಮನುಷ್ಯರಿಗೆ ಕೆಲಸ ಹಚ್ಚುತ್ತವೆ.

ಎಲೆಯಿಲ್ಲದ ಮರದ ತುಂಬ ಬಟ್ಟಲಿನಷ್ಟು ದೊಡ್ಡ ಮ್ಯಾಗ್ನೋಲಿಯಾ ಹೂಗಳು. ಇಳಿಜಾರಿನಲ್ಲಿ ಡ್ಯಾಫಡಿಲ್. ಪ್ರತಿ ಗಿಡದ ಬುಡದಲ್ಲಿ ಹೆಸರಿನ ಚೀಟಿ, ವಾರ್ಡಿನಲ್ಲಿ ಹಾಸಿಗೆಯ ತಲೆಯ ಕಡೆ ತೂಗುಹಾಕುವ ಚೀಟಿಯ ಹಾಗೆ. ನೋಡಲು ಬಂದವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲು ಚೀಟಿ ಓದಿ, ಆಮೇಲೆ ಹೂ ನೋಡಿ, ಮುಂದಿನ ಚೀಟಿಗೆ ಹೋಗುತ್ತಿದ್ದರು.

"ಮೂಸೋದೂ ಇಲ್ಲ, ಮುಟ್ಟೋದೂ ಇಲ್ಲ. ಹೆಣ ನೋಡೋಕೆ ಬಂದಂಗೆ ಬಂದು ಹೋಗ್ತಾರಲ್ಲೇ ಸರೋಜಾ! ಇಷ್ಟೂ ಹೂ ಯಾರಿಗೆ ಅಂತ ಕೇಳು ಆಯಮ್ಮನ್ನ."

ಅತ್ತಿಗೆ ನನಗೆ ಹೇಳಿದ್ದರಲ್ಲಿ ಕೊನೆಯ ಮಾತನ್ನು ಮಾತ್ರ ಅನುವಾದಿಸಿದೆ.

"ಯಾರಿಗೂ ಅಲ್ಲ. ನೋಡುವುದಕ್ಕೆ," ಅಂದರು ಡೊರೊಥಿ.

"ಬಾಡಿ ಹೋಗ್ತವಲ್ಲ?"

"ಹೋಗುತ್ತವೆ."

ಅತ್ತಿಗೆ ಡೊರೊಥಿಯವರನ್ನು ಮರುಕದಿಂದ ನೋಡಿದರು.

ಗೋಡೆಯ ಹಿಂದಿನ ಮೂಲೆಯಲ್ಲಿ ಒಂದು ಗಿಡಕ್ಕೆ ಚೀಟಿ ಇರಲಿಲ್ಲ. ಹೊಳೆಯುವ ಕಡು ಹಸಿರು ಎಲೆ, ನನ್ನ ಭುಜದೆತ್ತರ. ಅದು ಕ್ಯಾಮೆಲಿಯಾ, ಚಹಾ ಗಿಡದ ದಾಯಾದಿ, ಹೂ ಮಾತ್ರ ಗುಲಾಬಿಯ ಹಾಗೆ ಎಂದು ಡೊರೊಥಿಯವರು ವಿವರಿಸಿದರು. ಮುಳ್ಳು ಕಡಿಯುವಾಗ ಅವರಿಗೆ ಸಿಕ್ಕಿದ್ದು ಒಂದು ಕೊರಡು. ಅದರಿಂದ ಚಿಗುರಿದ ಕಡ್ಡಿಯನ್ನು ಇಷ್ಟು ವರ್ಷ ಸಾಕಿದರು. ಎಲೆ ಬಿಟ್ಟಿತು, ಹೂ ಬಿಡಲಿಲ್ಲ. ಈ ವಸಂತದಲ್ಲಿ, ಮೊದಲ ಸಲ, ಒಂದು ಮೊಗ್ಗು.

ಅವರು ಎಲೆ ಸರಿಸಿ ತೋರಿಸಿದರು. ಹಸಿರು ಮೊಗ್ಗಿನ ತುದಿಯಲ್ಲಿ ಒಂದು ಚೂರು ಕೆಂಪು ಇಣುಕುತ್ತಿತ್ತು. ನಾನು ಅಷ್ಟನ್ನೂ ಅತ್ತಿಗೆಗೆ ಹೇಳಿದೆ. ಅವರ ಕಣ್ಣು ಅರಳಿತು.

"ಚೊಚ್ಚಲ ಹೂವಾ? ಅಯ್ಯೋ, ಎಷ್ಟು ವರ್ಷ ಕಾದವ್ಳೆ ಪಾಪ!" ಎಂದು ಡೊರೊಥಿಯವರ ತೋಳು ಸವರಿದರು. ಅಷ್ಟರಲ್ಲಿ ಮಳೆ ಹನಿಯಿತು. ಅತ್ತಿಗೆ ಸೆರಗು ತಲೆಗೆಳೆದುಕೊಂಡು ಶೋಭಾಳ ಜೊತೆ ಮನೆಯ ಕಡೆ ಓಡಿದರು. ಮಿಕ್ಕ ಕಥೆ ಕೇಳಿದ್ದು ನಾನೊಬ್ಬಳೇ.

ಡೊರೊಥಿಯವರ ತಾಯಿ ಇದೇ ಬಂಗಲೆಯ ಸೈನಿಕರ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. ಇಲ್ಲಿ ಒಂದು ಕ್ಯಾಮೆಲಿಯಾ ಇತ್ತು, ಕೆಂಪು ದಳದ ಮೇಲೆ ಯಾರೋ ಹಾಲು ಚಿಮುಕಿಸಿದ ಹಾಗೆ ಬಿಳಿ ಗೆರೆ ಇರುತ್ತಿತ್ತು, ಈ ತೋಟದ ಮಾಲಿಯೇ ಬೆಳೆಸಿದ ತಳಿ, ಬೇರೆಲ್ಲೂ ಇಲ್ಲ ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರಂತೆ. ಇದು ಆ ಗಿಡವೇ ಎಂದು ಡೊರೊಥಿಯವರ ನಂಬಿಕೆ. ಬರಹದ ದಾಖಲೆ ಏನೂ ಇಲ್ಲ, ತಾಯಿಯ ಮಾತು ಒಂದೇ. ಟ್ರಸ್ಟಿನವರಿಗೋ ಅಲ್ಲಿ ಗಾಲಿಕುರ್ಚಿಯವರಿಗಾಗಿ ನೇರ ದಾರಿ ಮಾಡಬೇಕು. ಸಾಧಾರಣ ಕೆಂಪು ಕ್ಯಾಮೆಲಿಯಾ ಊರ ತುಂಬ ಇದೆ.

"ನಾಳೆ ಬೆಳಿಗ್ಗೆ ಅವರೆಲ್ಲ ಬಂದು ಹೂ ನೋಡುತ್ತಾರೆ. ಬಿಳಿ ಗೆರೆ ಇದ್ದರೆ ಗಿಡ ಉಳಿಯುತ್ತದೆ. ಇಲ್ಲದಿದ್ದರೆ ಸೋಮವಾರ ಅಗೆಯುತ್ತಾರೆ," ಅಂದರು ಡೊರೊಥಿ. "ದಾರಿಯೂ ಬೇಕು, ಸಿಸ್ಟರ್. ಅವರದು ತಪ್ಪಲ್ಲ."

ಶನಿವಾರ

ನನಗೆ ಬೇಗ ಏಳುವ ಅಭ್ಯಾಸ. ಅಡಿಗೆಮನೆಗೆ ಹೋದರೆ ಡೊರೊಥಿಯವರು ಆಗಲೇ ಕೆಟಲ್ ಇಟ್ಟಿದ್ದರು. ಇಬ್ಬರು ಹಳೆಯ ನರ್ಸುಗಳಿರುವ ಮನೆಯಲ್ಲಿ ಎರಡನೆಯವಳಾಗಿ ಅಡಿಗೆಮನೆಗೆ ಬರುವುದು ಸಣ್ಣ ಸೋಲು. ಅದನ್ನು ತೋರಿಸಿಕೊಳ್ಳದೆ ಬಟ್ಟಲು ಒರೆಸಿದೆ. ಹತ್ತು ಗಂಟೆಗೆ ಎಲ್ಲರೂ ಬರುತ್ತಾರೆ, ಅಷ್ಟರಲ್ಲಿ ಅರಳಿರುತ್ತದೆ, ಚಹಾ ಕುಡಿದು ನೋಡಿ ಬರೋಣ ಅಂದರು ಅವರು.

ಆಗ ಶೋಭಾ ಬಾಗಿಲಲ್ಲಿ ಬಂದು ನಿಂತು, ಕಣ್ಣಿನಲ್ಲೇ ನನ್ನನ್ನು ಕರೆದಳು.

ಕೋಣೆಯಲ್ಲಿ ಅತ್ತಿಗೆ ಮಿಂದು, ಮಡಿಯುಟ್ಟು, ಕಿಟಕಿಯ ಅಂಚಿನ ಮೇಲೆ ಗಂಗಮ್ಮನ ಪಟ ಇಟ್ಟು, ತಟ್ಟೆಯಲ್ಲಿ ಎಣ್ಣೆ ದೀಪ ಹಚ್ಚಿದ್ದರು. ಸೆರಗಿನ ಅಂಚು ಇಬ್ಬನಿಗೆ ಒದ್ದೆಯಾಗಿತ್ತು. ಪಟದ ನೆತ್ತಿಯ ಮೇಲೆ ಒಂದು ಕೆಂಪು ಹೂ.

"ಅತ್ತಿಗೆ, ಇದೆಲ್ಲಿಂದ ಬಂತು?"

"ಅದೇ, ಆಯಮ್ಮನ ಗಿಡದ್ದು. ಚೊಚ್ಚಲ ಹೂ ಅಲ್ವಾ? ಮೊದಲ್ನೇ ಹೂ, ಮೊದಲ್ನೇ ಹಣ್ಣು ತಾಯಿಗೆ. ಪಾಪ, ಅವ್ಳ ಮನೇಲಿ ಒಂದು ದೇವ್ರ ಪಟಾನೂ ಇಲ್ಲ. ಅವ್ಳ ಹೆಸ್ರಲ್ಲಿ ನಾನೇ ಇಟ್ಟು ಕೈ ಮುಗ್ದೆ. ಇನ್ಮೇಲೆ ಆ ಗಿಡ ಹೆಂಗೆ ಬಿಡುತ್ತೆ ನೋಡ್ತಿರು!"

ಬಂದ ಮನೆಗೆ ಒಂದು ಒಳ್ಳೆಯದು ಮಾಡಿದ ತೃಪ್ತಿ ಅವರ ಮುಖದಲ್ಲಿತ್ತು. ಮಿಕ್ಕ ಕಥೆ ಹೇಳಿದೆ. ಟ್ರಸ್ಟು, ದಾರಿ, ಸೋಮವಾರ. ತೃಪ್ತಿ ಇಳಿಯಿತು. ಅವರು ಹಾಸಿಗೆಯ ಮೇಲೆ ಕುಳಿತರು.

ಶೋಭಾ ಪಿಸುಗುಟ್ಟಿದಳು: "ಅತ್ತೆ, ಹೇಳ್ಬೇಡಿ. ಕ್ಯಾಮೆಲಿಯಾ ತಾನಾಗೇ ಪೂರ್ತಿ ಉದುರತ್ತೆ. ಗಿಡದ ಕೆಳಗೆ ಹಾಕ್ಬಿಟ್ರೆ ಗಾಳಿಗೆ ಬಿತ್ತು ಅನ್ಕೋತಾರೆ. ನಾನು ಇವರೆಲ್ಲರ ಜೊತೆ ಕೆಲಸ ಮಾಡ್ಬೇಕು."

"ತಪ್ಪು ಮಾತ್ರೆ ಕೊಟ್ಟರೆ ಮೊದಲು ಮಾಡೋ ಕೆಲಸ ಯಾವುದು?" ಅಂದೆ.

"ಸಿಸ್ಟರ್‌ಗೆ ಹೇಳೋದು," ಅಂದಳು ಶೋಭಾ, ನೆಲ ನೋಡುತ್ತ.

ಅತ್ತಿಗೆ ಇನ್ನೊಂದು ಮಾತು ಸೇರಿಸಿದರು: "ಹೇಳು. ಆದ್ರೆ ತಾಯಿ ನೆತ್ತಿ ಮೇಲಿಂದ ಮಾತ್ರ ತೆಗ್ಯಲ್ಲ. ಇಟ್ಟಿದ್ದನ್ನ ನಾಳೆ ಬೆಳಿಗ್ಗೆ ಪೂಜೆಗೇ ತೆಗ್ಯೋದು. ಯಾರೇ ಬರ್ಲಿ."

ಅಡಿಗೆಮನೆಗೆ ಹೋಗಿ ಡೊರೊಥಿಯವರಿಗೆ ಹೇಳಿದೆ. ನಡೆದದ್ದು, ಯಾಕೆ ನಡೆದದ್ದು, ಈಗ ಹೂ ಎಲ್ಲಿದೆ, ಅಷ್ಟೇ. ಅವರು ಟೀಪಾಟಿನ ಮೇಲೆ, ಬಿಸಿ ಆರದ ಹಾಗೆ, ಉಣ್ಣೆಯ ಟೋಪಿ ಮುಚ್ಚಿದರು. ಟೋಪಿ ನೇರ ಮಾಡಿದರು. ಮತ್ತೆ ನೇರ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಿಳಿ ಇದೆಯಾ?" ಎಂದು ಕೇಳಿದರು.

ನಾನು ನೋಡಿರಲಿಲ್ಲ. ದೀಪ ಪರದೆಗೆ ತಾಗುತ್ತದೆಯೇ ಎಂಬುದನ್ನು ನೋಡಿದ್ದೆ, ಎಣ್ಣೆ ಚೆಲ್ಲಿದೆಯೇ ಎಂಬುದನ್ನು ನೋಡಿದ್ದೆ. ಹೂವಿನ ಮೇಲಿನ ಗೆರೆಯನ್ನು ನೋಡಿರಲಿಲ್ಲ.

ಡೊರೊಥಿಯವರು ಕೋಣೆಯ ಬಾಗಿಲವರೆಗೆ ಬಂದು ನಿಂತರು. ಒಳಗೆ ಬರುವುದು ಅವರಿಗೆ ಸುಲಭವಾಗಿರಲಿಲ್ಲ. ಅತ್ತಿಗೆ ಎದ್ದು ನಿಂತರು. ತಪ್ಪು ಒಪ್ಪಿಕೊಳ್ಳುತ್ತಾರೆಂದುಕೊಂಡೆ.

"ಬೂಟು ಬಿಟ್ಟು ಬರಕ್ಕೆ ಹೇಳೇ ಸರೋಜಾ."

ಹೇಳಿದೆ. ಡೊರೊಥಿಯವರು ಬಗ್ಗಿ ಲೇಸು ಬಿಚ್ಚಿ, ಬೂಟುಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟು, ಕಾಲುಚೀಲದಲ್ಲಿ ಕಿಟಕಿಯ ಹತ್ತಿರ ಹೋದರು. ದೀಪದ ಬಿಸಿಗೋ ಏನೋ, ಹೂ ಪೂರ್ತಿ ಅರಳಿತ್ತು. ಕಡು ಕೆಂಪು. ಪ್ರತಿ ದಳದ ಮೇಲೂ ತುದಿಯಿಂದ ಒಳಕ್ಕೆ ಎರಡು ಮೂರು ಬಿಳಿ ಗೆರೆ, ಹಾಲು ಚಿಮುಕಿಸಿದ ಹಾಗೆ.

ಅವರು ಬಹಳ ಹೊತ್ತು ನೋಡಿದರು.

"ನನ್ನ ತಾಯಿ ಇದನ್ನು ಕಿತ್ತು ರೋಗಿಗಳ ತಲೆಯ ಹತ್ತಿರ, ನೀರಿನ ಲೋಟದಲ್ಲಿ ಇಡುತ್ತಿದ್ದಳು. ತೀರಾ ಕಾಯಿಲೆಯಾದವನಿಗೆ ಮೊದಲು," ಅಂದರು.

ಅನುವಾದಿಸಿದೆ. "ಮತ್ತೆ? ನಾನು ಬ್ಯಾರೆ ಏನ್ ಮಾಡಿದ್ದು?" ಅಂದರು ಅತ್ತಿಗೆ. ಅದನ್ನು ಅನುವಾದಿಸಲಿಲ್ಲ.

ಸಾಲು

ಟ್ರಸ್ಟಿನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಎತ್ತರದ ಅಧ್ಯಕ್ಷರು, ಗಿಡಗಳ ತಳಿ ಬಲ್ಲ ಒಬ್ಬ ಹೆಂಗಸು, ಜೊತೆಗೆ ಕೆಲವರು. ಹೂ ಗಿಡದಲ್ಲಿಲ್ಲ, ಮನೆಯೊಳಗಿದೆ, ನೋಡುವವರು ಪಾದರಕ್ಷೆ ಬಿಡಬೇಕು ಎಂದು ಡೊರೊಥಿಯವರು ಹೇಳಿದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಆದರೆ ಅವರು ಸಾಲಿನಲ್ಲಿ ನಿಲ್ಲುವ ಜನ. ಬೂಟು ಬಿಟ್ಟು, ಕೋಣೆಯ ಬಾಗಿಲಿಂದ ಅಡಿಗೆಮನೆಯವರೆಗೆ ನಿಂತರು. ಅಧ್ಯಕ್ಷರ ಒಂದು ಕಾಲುಚೀಲದಲ್ಲಿ ಹೆಬ್ಬೆರಳು ಹೊರಗೆ ಬಂದಿತ್ತು. ನಮ್ಮ ದೇವಸ್ಥಾನದಲ್ಲಾದರೆ ಹಿಂದಿನವರು ಮುಂದಿನವರನ್ನು ತಳ್ಳುತ್ತಾರೆ. ಇಲ್ಲಿ ಎಲ್ಲರೂ ಮುಂದಿನವರಿಗೆ ನಿಧಾನವಾಗಿ ನೋಡಿ ಎಂದರು. ಒಬ್ಬೊಬ್ಬರೇ ಪಟದ ಮುಂದೆ ಬಗ್ಗಿ ಹೂ ನೋಡಿದರು. ಒಬ್ಬೊಬ್ಬರ ಕೈಗೂ ಅತ್ತಿಗೆ ಒಂದು ಚೂರು ಕಲ್ಲುಸಕ್ಕರೆ ಹಾಕಿದರು. ಏನು ಮಾಡಬೇಕೆಂದು ತಿಳಿಯದೆ ಅಧ್ಯಕ್ಷರು ಅದನ್ನು ಕೋಟಿನ ಜೇಬಿಗೆ ಹಾಕಿದರು. ಅತ್ತಿಗೆ ಬಾಯಿ ತೋರಿಸಿದರು. ಅವರು ತೆಗೆದು ಬಾಯಿಗೆ ಹಾಕಿಕೊಂಡರು.

ತಳಿ ಬಲ್ಲ ಹೆಂಗಸು ಭೂತಗನ್ನಡಿ ಹಿಡಿದು ನೋಡಿ, "ಇಂಥದ್ದನ್ನು ನಾನು ನೋಡಿಲ್ಲ. ಆದರೆ ಇದು ಬರೀ ಹೂ. ಎಲೆ ಇಲ್ಲ, ಕಡ್ಡಿ ಇಲ್ಲ. ಯಾವ ಗಿಡದ್ದೆಂದು ಹೇಗೆ ಹೇಳಲಿ?" ಅಂದರು.

ನಿಜ. ಅತ್ತಿಗೆಯ ಕೈ ಮಾರುಕಟ್ಟೆಗೆ ಹೂ ಬಿಡಿಸಿದ ಕೈ. ಎಲೆ ಬರದ ಹಾಗೆ, ತೊಟ್ಟಿನ ಬುಡಕ್ಕೆ ಉಗುರು ಕೊಟ್ಟು ಚಿವುಟಿದ್ದರು. ಗಿಡದ ಗುರುತು ಹೂವಿನ ಜೊತೆ ಬಂದಿರಲಿಲ್ಲ.

ಅಧ್ಯಕ್ಷರು ಕೆಮ್ಮಿದರು. "ಡೊರೊಥಿ, ನಿಮ್ಮ ಮೇಲೆ ಅನುಮಾನ ಅಂತಲ್ಲ. ಆದರೆ ನಿರ್ಧಾರ ಆಗುವ ದಿನವೇ, ಯಾರೂ ನೋಡುವುದಕ್ಕೆ ಮೊದಲೇ, ನಿಮ್ಮ ಅತಿಥಿಗಳ ಕೋಣೆಯಲ್ಲಿ ಹೂ ಸಿಕ್ಕಿದೆ. ಈ ಅಮ್ಮನವರು ಬೇರೆ ಎಲ್ಲಿಂದಾದರೂ ತಂದಿರಬಹುದಲ್ಲ?"

ಡೊರೊಥಿಯವರ ಕತ್ತು ಕೆಂಪಾಯಿತು. ತಾಯಿಯ ಮಾತು ನಿಜವೆಂದು ಕಣ್ಣಾರೆ ಕಂಡ ಮೇಲೆಯೂ ಸೋಮವಾರ ಗುದ್ದಲಿ ಬೀಳುತ್ತದೆ ಎಂಬುದು ಅವರಿಗೆ ಗೊತ್ತಾಗಿತ್ತು.

"ಏನಂತಾರೆ ಆ ಉದ್ದನೆಯೋರು?" ಅತ್ತಿಗೆ ಕೇಳಿದರು.

"ನೀವು ಕಿತ್ತದ್ದು ಆ ಗಿಡದ್ದೇ ಅಂತ ಏನು ಗ್ಯಾರಂಟಿ ಅಂತಾರೆ."

ಅತ್ತಿಗೆಯ ಹುಬ್ಬು ಮೇಲೇರಿತು. ಸಾಹೇಬರ ಗೇಟಿನ ಮುಂದೆ ಏಳುವ ಹುಬ್ಬು ಅದು.

"ಹೂ ಕದ್ದೋಳಿಗೆ ಗಿಡ ಯಾವ್ದು ಅಂತ ಗೊತ್ತಿರಲ್ವಾ? ಕೇಳವ್ರನ್ನ. ನಾನ್ ಕದ್ದಿಲ್ಲ ಅಂದ್ರೆ ಸುಳ್ಳಿರಬೋದು. ಕದ್ದೀನಿ ಅಂತ ಯಾವಳಾದ್ರೂ ಸುಳ್ಳು ಹೇಳ್ತಾಳಾ?"

ಒಂದು ಮಾತೂ ಬಿಡದೆ ಅನುವಾದಿಸಿದೆ.

ಮೊದಲು ನಕ್ಕದ್ದು ಭೂತಗನ್ನಡಿಯ ಹೆಂಗಸು. "ಅಧ್ಯಕ್ಷರೇ, ಇದಕ್ಕೆ ಉತ್ತರವಿದ್ದರೆ ಹೇಳಿ," ಅಂದರು.

ಅತ್ತಿಗೆ ಕಾಯಲಿಲ್ಲ. ಶೋಭಾಳ ಕೋಟು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ಟ್ರಸ್ಟಿನವರು ಲೇಸು ಕಟ್ಟಿಕೊಳ್ಳುತ್ತ ಹಿಂದೆ ಹೋದರು. ಗಿಡದ ಹತ್ತಿರ ಅತ್ತಿಗೆ ಎಲೆ ಸರಿಸಿ, ಚಿವುಟಿದ ಜಾಗಕ್ಕೆ ಬೆರಳಿಟ್ಟರು. ಗಾಯ ಇನ್ನೂ ಹಸಿಯಾಗಿತ್ತು. ಆ ಹೆಂಗಸು ಗಾಜು ಹಿಡಿದು ನೋಡಿ ತಲೆದೂಗಿದರು. ಅದೇ ಕೊಂಬೆಯಲ್ಲಿ, ಎಲೆಯ ಸಂದಿನಲ್ಲಿ, ಮುಂದಿನ ವರ್ಷಕ್ಕೆ ಮೊಗ್ಗಾಗಬಹುದಾದ ಚಿಗುರನ್ನೂ ತೋರಿಸಿದರು.

ಅಧ್ಯಕ್ಷರು ಸ್ವಲ್ಪ ಹೊತ್ತು ಗಿಡವನ್ನೂ ದಾರಿ ಬರಬೇಕಾದ ಜಾಗವನ್ನೂ ನೋಡಿದರು.

"ದಾರಿ ಸ್ವಲ್ಪ ಬಳಸಿ ಹೋಗಲಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಅತ್ತಿಗೆಯವರು ಸೋಮವಾರದವರೆಗೆ ಇರುತ್ತಾರಾ?" ಎಂದು ಕೇಳಿದರು. ಭಾನುವಾರ ಮಧ್ಯಾಹ್ನ ಹೊರಡುತ್ತೇವೆ ಅಂದೆ. ಅವರಿಗೆ ಸಮಾಧಾನವಾದ ಹಾಗೆ ಕಂಡಿತು.

ಭಾನುವಾರ ಬೆಳಿಗ್ಗೆ ಪೂಜೆಗೆ ಮೊದಲು ಅತ್ತಿಗೆ ಹೂವನ್ನು ಪಟದ ಮೇಲಿಂದ ತೆಗೆದು, ಕಣ್ಣಿಗೊತ್ತಿಕೊಂಡು, ಡೊರೊಥಿಯವರ ಕೈಯಲ್ಲಿಟ್ಟರು. ಬಾಡಿರಲಿಲ್ಲ. ಡೊರೊಥಿಯವರು ಅದನ್ನು ಒಂದು ಲೋಟ ನೀರಿನಲ್ಲಿ ಹಾಕಿ ತಮ್ಮ ಹಾಸಿಗೆಯ ತಲೆಯ ಕಡೆ ಇಟ್ಟರು. ಹೊರಡುವಾಗ ಅತ್ತಿಗೆಗೆ ಅವರು ಕೊಟ್ಟ ಉಡುಗೊರೆ ಒಂದು ಕಟ್ಟು ಡ್ಯಾಫಡಿಲ್, ಪ್ಲಾಸ್ಟಿಕ್ ಸಮೇತ. ಅತ್ತಿಗೆ ಕಾರಿನಲ್ಲಿ ಏನೂ ಹೇಳಲಿಲ್ಲ. ಹೇಳದೆ ಇದ್ದದ್ದು ದೊಡ್ಡ ಮಾತು.

ಮತ್ತೆ ಹಲಸೂರು

ಊರಿಗೆ ಬಂದ ಮಾರನೆಯ ಬೆಳಿಗ್ಗೆ ಅತ್ತಿಗೆ ಸಾಹೇಬರ ಗೇಟಿನ ಮುಂದೆ ದೋಟಿ ಎತ್ತದೆ ನಿಂತಿದ್ದರು. ಸಾಹೇಬರು ಬಂದರು.

"ಕ್ಯಾ ಅಮ್ಮಾ, ಲಂಡನ್ನಿಂದ ಬಂದ್ರಾ? ಯಾಕೆ ಸುಮ್ನೆ ನಿಂತಿದೀರಾ?"

"ಹೂ ಕಿತ್ಕೊಳ್ಳಾ ಸಾಹೇಬ್ರೇ?"

ಸಾಹೇಬರು ಗಾಬರಿಯಾದರು. "ಅರೇ, ಆರೋಗ್ಯ ಸರಿ ಇದ್ಯಾ? ಕೇಳ್ಬೇಡಿ ಅಮ್ಮಾ. ಕೇಳಿದ್ರೆ ನಾನು ಬೈಯೋದ್ ಹೆಂಗೆ?"

ಅತ್ತಿಗೆ ಕಲ್ಲು ಹತ್ತಿದರು. ಬೈಗುಳ ಮುಂದುವರಿಯಿತು.

ಮುಂದಿನ ವರ್ಷ ವಸಂತದಲ್ಲಿ ಡೊರೊಥಿಯವರ ಫೋನು ಬಂತು. ಗಿಡದ ತುಂಬ ಮೊಗ್ಗು. ದಾರಿ ಅದನ್ನು ಬಳಸಿ ಹೋಗಿದೆ. ಗಿಡಕ್ಕೆ ಚೀಟಿ ಬಂದಿದೆ, ತಾಯಿಯ ಹೆಸರು ಇಟ್ಟಿದ್ದಾರೆ. ಪಕ್ಕದಲ್ಲಿ ಟ್ರಸ್ಟಿನವರು ಹೂ ಕೀಳಬಾರದೆಂದು ಬೋರ್ಡೂ ಹಾಕಿದ್ದಾರೆ. ಮೊದಲ ಹೂ ಅರಳಿದ ಬೆಳಿಗ್ಗೆ, ಯಾರೂ ಬರುವುದಕ್ಕೆ ಮೊದಲು, ಡೊರೊಥಿಯವರು ತಾವೇ ಅದನ್ನು ಕಿತ್ತು, ಬೂಟು ಬಿಟ್ಟು, ಅತಿಥಿಗಳ ಕೋಣೆಯ ಕಿಟಕಿಯಲ್ಲಿ ಇಟ್ಟರಂತೆ. ಎರಡು ಎಲೆ, ಒಂದು ತುಂಡು ಕಡ್ಡಿಯ ಸಮೇತ ಕಿತ್ತೆ, ಆಮೇಲೆ ಯಾರಿಗೂ ಅನುಮಾನ ಬರಬಾರದಲ್ಲ ಎಂದು ನಕ್ಕರು.

ರಿಸೀವರ್ ಕೈಯಲ್ಲಿ ಹಿಡಿದೇ ಅತ್ತಿಗೆಗೆ ಹೇಳಿದೆ. ಅವರು ಕಟ್ಟುತ್ತಿದ್ದ ಹೂವಿನಿಂದ ತಲೆ ಎತ್ತಲಿಲ್ಲ.

"ಎಲೆ ಸಮೇತ ಕೀಳ್ಬಾರ್ದು ಅಂತ ಹೇಳು. ಗಿಡಕ್ಕೆ ನೋವಾಗುತ್ತೆ," ಅಂದರು. "ಸಾಕ್ಷಿ ಬೇಕಾದ್ರೆ ನಾನಿದೀನಿ ಅಂತ ಹೇಳು."

ಹಾಗೆಯೇ ಹೇಳಿದೆ.